ಉಪ್ಪಿನ ಚೀಲದ ಕಡೆಗೆ

ಮಗಳಿಗೆ ‘ಮನೆಗೆ ಬಾ’ ಎಂದು ಹೇಳಲು ಪರ್ಪೆತುವಾಗೆ ಇನ್ನೊಬ್ಬಳ ಬಾಯಿ ಬೇಕಾಗಿತ್ತು. ತೊಡಕು ಇದ್ದದ್ದು ಅಲ್ಲೇ. ಕಾಂಬೋಡಿಯಾಕ್ಕೆ ಬಂದು ವಾರವಾಗುತ್ತ ಬಂತು, ನಾಳೆ ಮಧ್ಯಾಹ್ನ ಹಿಂದಿರುಗುವ ವಿಮಾನ, ಮಾತು ಮಾತ್ರ ಇನ್ನೂ ಹೊರಬಿದ್ದಿಲ್ಲ. ಟುಕ್‌ಟುಕ್ಕಿನ ಎದುರು ಸೀಟಿನಲ್ಲಿ ಮಗಳು ಲುವಾಲ್ ಕೂತಿದ್ದಳು, ಅವಳ ಪಕ್ಕದಲ್ಲಿ ಸೋಫೀಪ್ ಎಂಬ ಖ್ಮೇರ್ ಹುಡುಗಿ. ಲುವಾಲ್‌ಗೆ ಹುಟ್ಟಿನಿಂದ ಕಿವಿ ಕೇಳಿಸುವುದಿಲ್ಲ. ಅವಳು ಕೈಯಾಡಿಸಿ ಹೇಳಿದ್ದನ್ನು ಸೋಫೀಪ್ ತನ್ನ ಅರೆಬೆಂದ ಇಂಗ್ಲಿಷಿಗೆ ತಿರುಗಿಸುತ್ತಾಳೆ, ಪರ್ಪೆತುವಾ ತನ್ನ ಅರೆಬೆಂದ ಇಂಗ್ಲಿಷಿನಲ್ಲಿ ಉತ್ತರ ಕೊಡುತ್ತಾಳೆ, ಅದು ಮತ್ತೆ ಕೈಯಾಗಿ ಮಗಳನ್ನು ಮುಟ್ಟುತ್ತದೆ. ಹೆತ್ತವಳು ಈ ದಡ, ಹುಟ್ಟಿದವಳು ಆ ದಡ, ದೋಣಿ ನಿನ್ನೆ ಮೊನ್ನೆ ಪರಿಚಯವಾದವಳದು. ಒಳ್ಳೆಯ ಹುಡುಗಿಯೇ, ಪಾಪ, ಪ್ರತಿ ಮಾತಿಗೂ ‘ಮಿಂಗ್, ಮಿಂಗ್’ ಎಂದು ಚಿಕ್ಕಮ್ಮನನ್ನು ಕರೆದಂತೆ ಕರೆಯುತ್ತಾಳೆ. ಆದರೂ ಅವಳನ್ನು ಕಂಡರೆ ಪರ್ಪೆತುವಾಗೆ ಹೊಟ್ಟೆಯೊಳಗೆ ಸಣ್ಣಗೆ ಉರಿಯುತ್ತಿತ್ತು. ಫೋನಿನಲ್ಲಿ ಬರೆದು ತೋರಿಸಬಹುದಿತ್ತು, ಇಷ್ಟು ವರ್ಷ ಹಾಗೆಯೇ ನಡೆದದ್ದು. ‘ನಾನು ಚೆನ್ನ. ಊಟ ಚೆನ್ನ. ಯೋಚನೆ ಬೇಡ.’ ಬರವಣಿಗೆಯಲ್ಲಿ ಲುವಾಲ್ ಮೂರು ಮಾತಿನ ಮಗು, ಆ ಮಗುವೇ ತನ್ನ ಮಗಳ ಅಳತೆ ಎಂದು ಪರ್ಪೆತುವಾ ನಂಬಿಕೊಂಡಿದ್ದಳು. ಹೊಲಿಗೆಯವಳು ಅವಳು, ಅಳತೆಯಲ್ಲಿ ತಪ್ಪುವವಳಲ್ಲ. ಈಗ ಇಲ್ಲಿ ನೋಡಿದರೆ ಎಲ್ಲ ತಪ್ಪಿದೆ.

“ಏನೇ, ಹೇಳಿದ್ಯಾ ಇಲ್ವಾ?” ಪಕ್ಕದಲ್ಲಿ ಕೂತ ಅವಳ ‘ಮನಾಂಗ್’, ಅಕ್ಕ ಇಸಿಂಗ್, ಮೊಣಕೈಯಿಂದ ತಿವಿದಳು. ಇಬ್ಬರೂ ತಮ್ಮ ಊರ ಭಾಷೆಯಲ್ಲಿ ಮಾತಾಡಿದರೆ ಸೋಫೀಪ್‌ಗೆ ತಿಳಿಯುವುದಿಲ್ಲ, ಸದ್ಯ ಅದೊಂದು ಅನುಕೂಲ.

“ಹೇಳ್ತೀನಿ ಮನಾಂಗ್, ಸಂಜೆ ಹೇಳ್ತೀನಿ.”

“ನಿನ್ನೆ ಸಂಜೆನೂ ಹಿಂಗೇ ಅಂದೆ. ಮೊನ್ನೆ ಸಂಜೆನೂ. ನೀನು ಹೇಳೋ ಹೊತ್ತಿಗೆ ಅವಳಿಗೆ ಮೊಮ್ಮಕ್ಕಳಾಗಿರ್ತಾರೆ, ಅವರ ಕೈಲೇ ಹೇಳಿಸು.”

ಊರಿನಲ್ಲಿ ಎಲ್ಲರಿಗೂ ಹೇಳಿಬಂದಾಗಿತ್ತು, ಕರೆದುಕೊಂಡೇ ಬರುತ್ತೇನೆ ಎಂದು. ಸಮುದ್ರದಾಚೆಯ ಆ ಗಿಂಬಾಲ್ ಊರಿನಲ್ಲಿ ಮನೆಗೊಬ್ಬರು ಹೊರದೇಶದಲ್ಲಿದ್ದಾರೆ. ದುಬೈಯಲ್ಲಿ ದಾದಿ, ಹಾಂಗ್‌ಕಾಂಗಿನಲ್ಲಿ ಮನೆಗೆಲಸ, ಹಡಗಿನಲ್ಲಿ ಅಡುಗೆ. ಕ್ರಿಸ್‌ಮಸ್ ಬಂತೆಂದರೆ ಬೀದಿಗೆಲ್ಲ ಆಳೆತ್ತರದ ಪೆಟ್ಟಿಗೆಗಳು ಬಂದಿಳಿಯುತ್ತವೆ, ಸೋಪು, ಚಾಕೊಲೇಟು, ಡಬ್ಬಿ ಮಾಂಸ, ಬೂಟು. ಪರ್ಪೆತುವಾ ಮನೆಯ ಮುಂದೆ ಮಾತ್ರ ಲಾರಿ ನಿಂತದ್ದೇ ಇಲ್ಲ. ‘ನಿನ್ನ ಮಗಳೂ ಹೊರದೇಶದಲ್ಲಿದ್ದಾಳಲ್ಲ, ಏನು ಕೆಲಸ?’ ಎಂದರೆ ‘ಸೇವೆ’ ಎನ್ನಬೇಕು. ಸಂಬಳವಿಲ್ಲದ ಕೆಲಸಕ್ಕೆ ಸಮುದ್ರ ದಾಟಿದವಳು ಆ ಬೀದಿಯ ಚರಿತ್ರೆಯಲ್ಲೇ ಇವಳೊಬ್ಬಳು. ‘ಅಯ್ಯೋ, ಕೇಳಿಸದ ಹುಡುಗಿ, ಯಾರೋ ದುಡಿಸ್ಕೊಳ್ತಿದ್ದಾರೆ’ ಎಂದು ಎದುರು ಮನೆಯವಳು ಮರುಗಿದಳು. ಆ ಮರುಕ ಹೀಯಾಳಿಕೆಗಿಂತ ಹೆಚ್ಚು ಚುಚ್ಚಿತು. ಪರ್ಪೆತುವಾ ಅಂಗಡಿಯಲ್ಲಿ ಎರಡನೆಯ ಹೊಲಿಗೆ ಮಿಷನ್ ಹಾಕಿಸಿದಳು, ಮಗಳಿಗೆಂದು ಕೋಣೆಗೆ ಬಣ್ಣ ಬಳಿಸಿದಳು. ಶಾಲೆಯ ಸಮವಸ್ತ್ರದ ಕಾಲರು ಹೊಲಿಯುತ್ತ ಅವಳು ತನ್ನ ಕಣ್ಣೆದುರಿಗಿದ್ದರೆ ಸಾಕು. ಕಾಲರಿಗೆ ಮಾತು ಬೇಕಿಲ್ಲ.

ದಾರಿ ನದಿಯ ಪಕ್ಕಕ್ಕೆ ಹೊರಳಿತು. ಲುವಾಲ್ ಸೋಫೀಪ್‌ಗೆ ಏನೋ ಹೇಳುತ್ತಿದ್ದಳು, ಅವಳ ಹುಬ್ಬು, ಕೆನ್ನೆ, ಭುಜ ಎಲ್ಲ ಸೇರಿ ಹೇಳುತ್ತಿದ್ದವು. ಅದೇ ಕೈಗಳು. ಪರ್ಪೆತುವಾಗೆ ಅರಿವಿಲ್ಲದೆ ಕೈ ಮುಂದೆ ಹೋಗಿ ಮಗಳ ಬಲಗೈಯನ್ನು ಹಿಡಿದು ತನ್ನ ಮಡಿಲಿಗೆ ತಂದುಕೊಂಡಿತು. ಊರಿನಲ್ಲಿ ಜನ ತುಂಬಿದ ಜೀಪ್ನಿ ಗಾಡಿಯಲ್ಲಿ, ಪೂಜೆಯ ಹೊತ್ತಿಗೆ ಇಗರ್ಜಿಯಲ್ಲಿ, ಸಂತೆಯಲ್ಲಿ, ಎಲ್ಲೆಲ್ಲೂ ಹೀಗೆ ಹಿಡಿದು ಕೂರುತ್ತಿದ್ದಳು. ‘ಎಷ್ಟು ಅಕ್ಕರೆ ನೋಡು ಆ ತಾಯಿಗೆ, ಮಗಳ ಕೈ ಬಿಡೋದೇ ಇಲ್ಲ’ ಎನ್ನುತ್ತಿದ್ದರು ಹಿಂದಿನ ಬೆಂಚಿನವರು. ಅಕ್ಕರೆಯೂ ಇತ್ತು, ಸುಳ್ಳಲ್ಲ. ಆದರೆ ಹಿಡಿದದ್ದು ಅಕ್ಕರೆಗಲ್ಲ, ಜನ ತಿರುಗಿ ನೋಡದಿರಲಿ ಎಂದು. ಆರು ವರ್ಷದ ಹುಡುಗಿ ಮೋಂಬತ್ತಿ ಕಂಡರೆ ಬೆರಳಲ್ಲಿ ಉರಿಸಿ ತೋರಿಸುತ್ತಿದ್ದಳು, ಪಾದ್ರಿ ಆಕಳಿಸಿದರೆ ಹಾಗೆಯೇ ಆಕಳಿಸಿ ತೋರಿಸುತ್ತಿದ್ದಳು. ಆಗ ತಾಯಿಯ ಕೈ ಬಂದು ಮುಚ್ಚುತ್ತಿತ್ತು. ಮಗುವಿನ ಬಾಯಿ ಮುಚ್ಚಿದರೆ ಯಾರಾದರೂ ‘ಏನಮ್ಮ ಇದು’ ಎಂದು ಕೇಳುತ್ತಿದ್ದರೇನೋ, ಕೈ ಹಿಡಿದರೆ ಕೇಳುವವರು ಯಾರು. ಈಗ ಲುವಾಲ್ ತಾಯಿಯತ್ತ ತಿರುಗಿ ನಕ್ಕಳು, ಎಡಗೈಯಿಂದ ಅವಳ ಹಿಡಿತವನ್ನು ಮೆಲ್ಲಗೆ ಬಿಡಿಸಿ ಬಲಗೈ ತೆಗೆದುಕೊಂಡಳು, ಸೋಫೀಪ್‌ಗೆ ಹೇಳುತ್ತಿದ್ದದ್ದನ್ನು ಪೂರ್ತಿ ಮಾಡಿದಳು. ಸಿಟ್ಟಿಲ್ಲ, ಮುನಿಸಿಲ್ಲ. ಸಿಟ್ಟು ಮಾಡಿದ್ದರೆ ಚೆನ್ನಾಗಿತ್ತು.

“ಮಿಂಗ್,” ಎಂದಳು ಸೋಫೀಪ್, “ನೀವು ಬಂದಾಗಿನಿಂದ ಬಾಯಿ ತೆರೀತೀರ, ಮುಚ್ತೀರ, ಏನಾದ್ರೂ ಹೇಳೋದಿದ್ಯಾ ಅಂತ ಕೇಳ್ತಿದ್ದಾಳೆ.”

“ಏನಿಲ್ಲಮ್ಮ. ಬಿಸಿಲು ಅಂತ ಹೇಳು.”

ಸೋಫೀಪ್ ಬಿಸಿಲು ಎಂದು ಹೇಳಿದಳು. ಲುವಾಲ್ ತಾಯಿಯ ಮುಖವನ್ನು ಒಂದು ಗಳಿಗೆ ಹೆಚ್ಚಾಗಿಯೇ ನೋಡಿ, ಆಮೇಲೆ ನದಿಯ ಕಡೆ ತಿರುಗಿದಳು.

ಅವರು ಹೋಗುತ್ತಿದ್ದದ್ದು ಫಲ್ಲಾ ಎಂಬ ಹೆಂಗಸಿನ ಮನೆಗೆ. ಪರ್ಪೆತುವಾಳ ವಯಸ್ಸಿನವಳೇ, ಹುಟ್ಟು ಕಿವುಡಿ. ಯಾವ ಶಾಲೆಯನ್ನೂ ನೋಡಿದವಳಲ್ಲ, ತನ್ನಂಥ ಇನ್ನೊಬ್ಬರನ್ನು ನೋಡಿದವಳೂ ಅಲ್ಲ, ಹಾಗಾಗಿ ಅವಳಿಗೆ ಕೈಭಾಷೆಯೂ ಇಲ್ಲ, ಯಾವ ಭಾಷೆಯೂ ಇಲ್ಲ. ಊರವರು ‘ಮೂಗಿ’ ಎನ್ನುತ್ತಾರೆ. ಫಲ್ಲಾ ಎನ್ನುವ ಹೆಸರು ಇದೆ, ಅದು ಅವಳೊಬ್ಬಳಿಗೇ ಗೊತ್ತಿಲ್ಲ. ಲುವಾಲ್ ಇಂಥವರ ಮನೆಮನೆಗೆ ಹೋಗಿ ಅವರ ಎದುರು ಕೂರುತ್ತಾಳೆ. ಅದೇ ಅವಳ ಸೇವೆ. ಈ ಮನೆಗೆ ಮಳೆಗಾಲದಿಂದ ಬರುತ್ತಿದ್ದಾಳಂತೆ. ಫಲ್ಲಾ ಚಿತ್ರಗಳನ್ನು ನೋಡುವುದಿಲ್ಲ, ಕೈಗಳನ್ನು ನೋಡುವುದಿಲ್ಲ, ಎದ್ದು ಒಳಗೆ ಹೋಗಿಬಿಡುತ್ತಾಳೆ. ‘ಬಿಡು, ಇನ್ನೊಬ್ಬರ ಮನೆಗೆ ಹೋಗು’ ಎಂದು ಅವಳು ಕೆಲಸ ಮಾಡುವ ಕಿವುಡರ ಕೇಂದ್ರದವರೂ ಹೇಳಿದ್ದಾರೆ. ಇದನ್ನೆಲ್ಲ ಸೋಫೀಪ್ ಹೇಳಿದಾಗ ಪರ್ಪೆತುವಾಗೆ ಒಳಗೊಳಗೇ ಒಂದು ನೆಮ್ಮದಿಯಾಯಿತು. ಆಗದ ಕೆಲಸ ಅಂದಮೇಲೆ ಬಿಟ್ಟುಬರಲು ಏನು ಕಷ್ಟ? ಆ ನೆಮ್ಮದಿಗೆ ತಕ್ಷಣವೇ ನಾಚಿಕೆಯೂ ಆಯಿತು, ಆದರೆ ನೆಮ್ಮದಿ ಹೋಗಲಿಲ್ಲ.

ಕಂಬಗಳ ಮೇಲೆ ನಿಂತ ಮನೆ, ಕೆಳಗೆ ನೆರಳಲ್ಲಿ ಬಿದಿರಿನ ಜಗಲಿ. ಮೀನಿನ ಸುಗ್ಗಿ. ಊರಿಗೆ ಊರೇ ಮೀನಿನ ತಲೆ ಕತ್ತರಿಸುತ್ತಿತ್ತು, ಬುಟ್ಟಿಯಲ್ಲಿ ಹಾಕಿ ಕಾಲಿನಿಂದ ತುಳಿಯುತ್ತಿತ್ತು, ಉಪ್ಪು ಬೆರೆಸಿ ಜಾಡಿಗೆ ತುಂಬುತ್ತಿತ್ತು. ವರ್ಷವಿಡೀ ತಿನ್ನುವ ಪ್ರಹೋಕ್. ಇಸಿಂಗ್ ಮೂಗಿಗೆ ಕರವಸ್ತ್ರ ಹಿಡಿದಳು. “ನಮ್ಮೂರ ಗಿನಾಮೋಸ್ ವಾಸನೆ ಕುಡಿಯೋಕೆ ಇಷ್ಟು ದೂರ ಬಂದ್ವಾ?” ಪರ್ಪೆತುವಾಗೆ ಮಾತ್ರ ತಮ್ಮೂರ ಹುಳಿಸಿದ ಮೀನಿನ ಆ ವಾಸನೆಗೆ ಎದೆ ಹಗುರಾಯಿತು, ವಾರದಲ್ಲಿ ಮೊದಲ ಸಲ ಯಾರ ಭಾಷಾಂತರವೂ ಇಲ್ಲದೆ ಒಂದು ಸಂಗತಿ ನೇರ ಬಂದು ತಲುಪಿತ್ತು. ಫಲ್ಲಾಳ ಅಣ್ಣ ಸಾರೆತ್ ಹಗ್ಗದ ಜೋಲಿಯಲ್ಲಿ ಮಲಗಿದ್ದ, ದಪ್ಪ ಮೀಸೆ, ಬರಿಮೈ. ಅವನ ಹೆಂಡತಿ ಚಾಂತೂ ಮೀನು ಹೆಚ್ಚುತ್ತಲೇ ಬಂದವರಿಗೆ ಕೂರಲು ಹೇಳಿದಳು. ಅವಳ ಪಕ್ಕದಲ್ಲಿ ತಲೆಯೆತ್ತದೆ ಫಲ್ಲಾ.

ಲುವಾಲ್ ಅವಳೆದುರು ಮಂಡಿಯೂರಿ ಕೂತಳು. ಮೀನು ತೋರಿಸಿ ಮೀನಿನ ಸನ್ನೆ ಮಾಡಿದಳು. ಚಾಕು ತೋರಿಸಿದಳು. ನದಿ ತೋರಿಸಿದಳು. ಫಲ್ಲಾ ಒಂದು ಮೀನಿನ ತಲೆ ತೆಗೆದಳು, ಇನ್ನೊಂದರ ತಲೆ ತೆಗೆದಳು. ಎಂಥ ಸಹನೆ ಈ ಹುಡುಗಿಗೆ, ಎಲ್ಲಿಂದ ಬಂತು, ನನಗಂತೂ ಇಲ್ಲ ಎಂದುಕೊಂಡಳು ಪರ್ಪೆತುವಾ. ನಿನ್ನೆ ಇದೇ ಲುವಾಲ್ ಕೇಂದ್ರದ ಅಂಗಳದಲ್ಲಿ ಹತ್ತಾರು ಜನ ಕಿವುಡರ ನಡುವೆ ನಿಂತು ಏನೋ ಹೇಳಿ ಅವರನ್ನು ಹೊಟ್ಟೆ ಹಿಡಿದುಕೊಂಡು ನಗಿಸಿದ್ದಳು. ಒಬ್ಬ ಮುದುಕ ನಕ್ಕು ನಕ್ಕು ಕಣ್ಣೊರೆಸಿಕೊಂಡ. ಪರ್ಪೆತುವಾ ಸೋಫೀಪ್‌ಳ ತೋಳು ಹಿಡಿದು ‘ಏನಂತೆ, ಏನಂತೆ’ ಎಂದು ಕೇಳಿದ್ದಳು. ‘ಇಂಗ್ಲಿಷಲ್ಲಿ ಹೇಳಿದ್ರೆ ನಗು ಬರಲ್ಲ ಮಿಂಗ್’ ಎಂದಳು ಹುಡುಗಿ. ತನ್ನ ಹೊಟ್ಟೆಯಲ್ಲಿ ಹುಟ್ಟಿದವಳ ತಮಾಷೆ ಊರಿಗೆಲ್ಲ ತಿಳಿಯಿತು, ತಾನೊಬ್ಬಳು ಮದುವೆಮನೆಯಲ್ಲಿ ಯಾರ ಕಡೆಯವಳೂ ಅಲ್ಲದವಳಂತೆ ನಗುಮುಖ ಮಾಡಿಕೊಂಡು ನಿಂತಿದ್ದಳು.

“ಎಷ್ಟು ಸಲ ಹೇಳಿದೀನಿ ಈ ಹುಡುಗಿಗೆ,” ಎಂದ ಸಾರೆತ್ ಜೋಲಿಯಿಂದಲೇ, ಸೋಫೀಪ್ ಅದನ್ನು ತಿರುಗಿಸಿದಳು. “ಅವಳ ತಲೆಯೊಳಗೆ ಏನೂ ಇಲ್ಲ. ಹಸಿವಾದ್ರೆ ತಟ್ಟೆ ತೋರಿಸ್ತಾಳೆ, ನೋವಾದ್ರೆ ನೋವಾದ ಕಡೆ ಮುಟ್ಕೋತಾಳೆ. ಅಷ್ಟೇ. ಒಳ್ಳೆಯವಳು, ಕೆಲಸ ಮಾಡ್ತಾಳೆ. ಬಿಟ್ಬಿಡಿ.”

ಲುವಾಲ್ ಅವನ ಮುಖ ನೋಡಿಯೇ ಅರ್ಥಮಾಡಿಕೊಂಡಿರಬೇಕು. ಅವಳ ಭುಜ ಇಳಿಯಿತು. ಎದ್ದು ಜಗಲಿಯ ಆ ತುದಿಗೆ ಹೋಗಿ, ಇವರಿಗೆ ಬೆನ್ನು ಹಾಕಿ, ಚಿತ್ರದ ಹಲಗೆಗಳನ್ನು ಚೀಲಕ್ಕೆ ತುಂಬತೊಡಗಿದಳು. ಆ ಬೆನ್ನನ್ನು ಪರ್ಪೆತುವಾ ಬಲ್ಲಳು. ಶಾಲೆಯಿಂದ ಬಂದು ಗೋಡೆಗೆ ಮುಖಮಾಡಿ ಬೂಟು ಬಿಚ್ಚುತ್ತಿದ್ದ ಬೆನ್ನು. ಈಗ ಹೇಳಬೇಕು, ಇದೇ ಹೊತ್ತು, ಸೋತ ಹೊತ್ತಿನಲ್ಲಿ ಮಕ್ಕಳು ತಾಯಿಯ ಮಾತು ಕೇಳುತ್ತಾರೆ. ಹೇಳಲಿಲ್ಲ. ಸುಮ್ಮನೆ ಕೂರಲಾಗದೆ ಎದುರಿಗೆ ಕಂಡ ಮೀನಿನ ರಾಶಿಯ ಮುಂದೆ ಕುಕ್ಕರಗಾಲಲ್ಲಿ ಕೂತು, ಚಾಂತೂ ಬೇಡವೆಂದರೂ ಕೇಳದೆ, ಒಂದು ಚಾಕು ಎತ್ತಿಕೊಂಡಳು. ಫಲ್ಲಾ ಕಡೆಗಣ್ಣಿನಿಂದ ನೋಡಿದಳು. ಇಬ್ಬರೂ ಪಕ್ಕಪಕ್ಕ ಮೀನು ಹೆಚ್ಚಿದರು. ಕೈ ಮೊಣಕೈವರೆಗೆ ರಕ್ತ, ಲೋಳೆ, ಪೊರೆ. ಹೆಚ್ಚಿದ್ದು ಬುಟ್ಟಿ ತುಂಬಿತು. ಇನ್ನು ಉಪ್ಪು ಹಾಕಬೇಕು. ಉಪ್ಪಿನ ಚೀಲ ಸಾರೆತ್‌ನ ಜೋಲಿಯ ಹಿಂದೆ ಕಂಬಕ್ಕೆ ಒರಗಿತ್ತು.

ಪರ್ಪೆತುವಾ ಮಾಡಿದ್ದು ಇಷ್ಟೇ. ಕೈ ಕೊಳೆಯಾಗಿರುವಾಗ ಗಿಂಬಾಲ್‌ನ ಯಾವ ಹೆಂಗಸಾದರೂ ಏನು ಮಾಡುತ್ತಾಳೋ ಅದನ್ನು. ಸಾರೆತ್‌ನ ಕಣ್ಣು ಸಿಗುವವರೆಗೆ ಕಾದು, ಎರಡೂ ಹುಬ್ಬು ಹಾರಿಸಿ, ತುಟಿ ಮುಂದೆ ಚಾಚಿ ಆ ಕಡೆ ತೋರಿಸಿದಳು. ‘ಅದನ್ನು ಇತ್ತ ಕೊಡಪ್ಪ’ ಎಂದು. ಅವಳ ಊರಿನಲ್ಲಿ ಬೆರಳಿಗಿಂತ ತುಟಿಯೇ ಹೆಚ್ಚು ದಾರಿ ತೋರಿಸುತ್ತದೆ. ಪಾದ್ರಿಯೂ ತುಟಿಯಿಂದಲೇ ಬೆಂಚು ತೋರಿಸುತ್ತಾನೆ. ಸಾರೆತ್ ಕದಲಲಿಲ್ಲ. ಕಾಣಲಿಲ್ಲವೇನೋ ಎಂದು ಇನ್ನೊಮ್ಮೆ, ಇನ್ನಷ್ಟು ಚಾಚಿ ತೋರಿಸಿದಳು. ಅವನು ಜೋಲಿಯಲ್ಲಿ ಎದ್ದು ಕೂತ. ಬರಿಮೈ ಮೇಲೆ ಟವೆಲು ಎಳೆದುಕೊಂಡ. ಚಾಂತೂಳ ಚಾಕು ನಿಂತಿತು. ಆ ಊರಿನಲ್ಲಿ ತುಟಿಯನ್ನು ಹಾಗೆ ಚಾಚುವುದಕ್ಕೆ ಒಂದೇ ಅರ್ಥ, ಅದೂ ಹುಬ್ಬು ಹಾರಿಸಿ, ಅದೂ ಕಟ್ಟಿಕೊಂಡವಳ ಎದುರಿಗೆ.

ಮೊದಲು ತಿಳಿದದ್ದು ಇಸಿಂಗ್‌ಗೆ. “ಅಯ್ಯೋ ಪೆತಾ, ಆ ಗಂಡಸಿಗೆ ಮುತ್ತು ಕಳಿಸ್ತಿದೀಯಲ್ಲೇ,” ಎಂದಳು. ಪರ್ಪೆತುವಾಗೆ ಕಿವಿಯಿಂದ ಕೆಳಗೆ ಬೆಂಕಿ ಹತ್ತಿತು. ವಿಧವೆ, ಐವತ್ತೆಂಟು ವರ್ಷ, ಇಗರ್ಜಿಯ ಹೂ ಜೋಡಿಸುವವಳು. “ಉಪ್ಪು, ಉಪ್ಪು,” ಎಂದಳು ತನ್ನ ಭಾಷೆಯಲ್ಲಿ, ಸೋಫೀಪ್ ಕೈಯಲ್ಲಿ ಬಾಯಿ ಮುಚ್ಚಿಕೊಂಡಿದ್ದಳು. ಆಗ ಪಕ್ಕದಿಂದ ಒಂದು ಸದ್ದು ಬಂತು. ಒರಟಾದ, ಅಡ್ಡಾದಿಡ್ಡಿಯಾದ, ತನ್ನ ಸದ್ದು ತನಗೆ ಕೇಳಿಸದವಳ ನಗು. ಫಲ್ಲಾ ಹಿಂದಕ್ಕೆ ಬಿದ್ದು ನಗುತ್ತಿದ್ದಳು. ಕಾಲು ಬಡಿದು ನಗುತ್ತಿದ್ದಳು.

ಜಗಲಿ ಅದುರಿದ್ದರಿಂದ ಲುವಾಲ್ ತಿರುಗಿದಳು. ಅವಳು ಏನನ್ನೂ ನೋಡಿರಲಿಲ್ಲ. ಎಲ್ಲರ ಮುಖವನ್ನೂ ನೋಡಿ, ಅಂಗೈ ಅರಳಿಸಿ ‘ಏನಾಯ್ತು’ ಎಂದಳು.

ಫಲ್ಲಾ ಎದ್ದು ಕೂತಳು. ಲುವಾಲ್‌ಳ ತೋಳನ್ನು ತನ್ನ ಮೀನುಗೈಯಿಂದ ತಟ್ಟಿದಳು, ನನ್ನನ್ನು ನೋಡು ಎಂಬಂತೆ. ಆಮೇಲೆ ಪರ್ಪೆತುವಾಳತ್ತ ಕೈ ತೋರಿಸಿ, ಹುಬ್ಬು ಹಾರಿಸಿ, ತುಟಿ ಚಾಚಿದಳು. ಚಾಚಿದ ತುಟಿಯ ಮೇಲೆ ಎರಡು ಬೆರಳಿಟ್ಟು ದಪ್ಪ ಮೀಸೆ ಬರೆದಳು, ಅಣ್ಣ. ಅಣ್ಣನಂತೆ ಕಣ್ಣು ಹಿರಿದು ಮಾಡಿ, ಇಲ್ಲದ ಟವೆಲನ್ನು ಎದೆಗೆ ಎಳೆದುಕೊಂಡಳು. ಆಮೇಲೆ ಅತ್ತಿಗೆಯಾದಳು. ಚಾಂತೂಳಂತೆ ಸೊಂಟ ನೆಟ್ಟಗಾಯಿತು, ಚಾಕು ಗಾಳಿಯಲ್ಲಿ ನಿಂತಿತು, ಮೂಗಿನ ಹೊಳ್ಳೆ ಅರಳಿತು. ಎಲ್ಲ ಕ್ರಮವಾಗಿ, ಮೊದಲು ಇದು, ಆಮೇಲೆ ಅದು, ಆಮೇಲೆ ಇನ್ನೊಂದು. ಮುಗಿಸಿ ಲುವಾಲ್‌ಳ ಮುಖ ನೋಡಿದಳು, ತಿಳಿಯಿತೇ ಎಂದು. ಲುವಾಲ್ ನಗಲಿಲ್ಲ. ಅವಳ ಕಣ್ಣಿಂದ ನೀರು ಸುರಿಯುತ್ತಿತ್ತು. ಬೆರಳು ತಿರುಗಿಸಿ ‘ಇನ್ನೊಂದ್ಸಲ’ ಎಂದಳು. ಫಲ್ಲಾ ಇನ್ನೊಂದು ಸಲ ಹೇಳಿದಳು, ಈ ಸಲ ಮೀಸೆಯನ್ನು ಇನ್ನೂ ಉದ್ದ ಬರೆದು.

ಲುವಾಲ್ ಸೋಫೀಪ್‌ಳ ಕಡೆ ತಿರುಗಿ ಕೈ ಬೀಸಿದ ವೇಗಕ್ಕೆ ಆ ಹುಡುಗಿ ತಡವರಿಸಿದಳು. “ಇವತ್ತಿನವರೆಗೆ ಅವಳು ಬೇಕು ಬೇಡ ಅಂತ ಮಾತ್ರ ಹೇಳ್ತಿದ್ಲು... ಇವತ್ತು, ಇವತ್ತು ಆಗಿಹೋಗಿದ್ದನ್ನ ಹೇಳಿದ್ಲು. ನೋಡದೇ ಇರೋರಿಗೆ. ಯಾರು ಏನು ಮಾಡಿದ್ರು ಅಂತ. ಅವಳ ಜೀವಮಾನದಲ್ಲಿ... ಮಿಂಗ್, ನಿಧಾನ ಹೇಳು ಅಂದ್ರೆ ಕೇಳ್ತಿಲ್ಲ ಇವಳು...”

“ಸುಮ್ನಿರಮ್ಮ ನೀನು,” ಎಂದಳು ಪರ್ಪೆತುವಾ. “ನಂಗೆ ತಿಳೀತಾ ಇದೆ.”

ತಿಳಿಯುತ್ತಿತ್ತು. ಯಾವ ಸನ್ನೆಗೆ ಯಾವ ಅರ್ಥ ಎಂದು ಕೇಳಿದರೆ ಹೇಳಲಾರಳು, ಆದರೆ ಮಗಳ ಮುಖ ಅವಳಿಗೆ ತೆರೆದ ಬಾಗಿಲಾಗಿತ್ತು. ಒಂದು ಬೆಳಿಗ್ಗೆ ಗಿಂಬಾಲ್‌ನ ಅಡುಗೆಮನೆಯಲ್ಲಿ ನಾಲ್ಕು ವರ್ಷದ ಲುವಾಲ್ ಓಡಿಬಂದು ಲಂಗ ಜಗ್ಗಿ, ಪಾದ್ರಿಯ ನಾಯಿ ಒಣಮೀನು ಕದ್ದದ್ದನ್ನೂ ಪಾದ್ರಿ ನಿಲುವಂಗಿ ಎತ್ತಿಕೊಂಡು ಅದನ್ನು ಅಟ್ಟಿದ್ದನ್ನೂ ಮೈಯೆಲ್ಲ ಬಳಸಿ ಹೇಳಿದ್ದಳು, ಪರ್ಪೆತುವಾ ಒಲೆ ಆರುವವರೆಗೆ ನಕ್ಕಿದ್ದಳು. ಆ ಅಡುಗೆಮನೆಯಲ್ಲಿ ಇಬ್ಬರೇ ಇದ್ದರು, ನೋಡುವವರಿರಲಿಲ್ಲ. ಹುಬ್ಬು, ತುಟಿ, ಸೌಟು, ಬೆರಳು, ಎಲ್ಲದರಿಂದಲೂ ಮಾತಾಡುತ್ತಿದ್ದರು. ಬೀದಿಗೆ ಬಂದ ಮೇಲೆ ತಾನೇ ಅದನ್ನು ಮಡಿಚಿಟ್ಟದ್ದು. ಬರಿಯ ಕೈಬಾಯಿ ಸನ್ನೆ, ಹಳ್ಳಿಯವರ ಚೇಷ್ಟೆ ಎಂದುಕೊಂಡಿದ್ದೆ, ದೇವರೇ, ಅದು ಮಾತಾಗಿತ್ತು. ನನ್ನ ಮಗಳು ಮಾತು ಕಲಿತದ್ದು ನನ್ನ ಮುಖದಿಂದ. ಈ ಯೋಚನೆ ಬಂದದ್ದೇ ಅವಳಿಗೆ ಅಳು ಮತ್ತು ಜಂಭ ಎರಡೂ ಒಟ್ಟಿಗೆ ಬಂದವು, ಜಂಭವೇ ಹೆಚ್ಚಾಗಿ ಬಂತು. ಅಲ್ಲಿ ಕೂತ ಅಷ್ಟೂ ಜನರಲ್ಲಿ ಕೈಯೆಲ್ಲ ಮೀನಾದ ತಾನೇ ದೊಡ್ಡವಳು ಎನಿಸಿತು. ಹಾಗೆ ಅನಿಸಿದ್ದಕ್ಕೆ ಅವಳು ಈ ಸಲ ನಾಚಲಿಲ್ಲ.

ಫಲ್ಲಾ ಅಷ್ಟಕ್ಕೆ ನಿಲ್ಲಿಸಲಿಲ್ಲ. ಪಕ್ಕದ ಮನೆಯ ಮುದುಕಿಯನ್ನು ತೋಳು ಹಿಡಿದು ಎಳೆದುತಂದಳು, ಅವಳಿಗೆ ಹೇಳಿದಳು. ಮೀನು ತುಳಿಯುತ್ತಿದ್ದ ಇಬ್ಬರು ಹೆಂಗಸರಿಗೆ ಹೇಳಿದಳು. ಮೀಸೆ ಎಂದರೆ ಅಣ್ಣ, ಅರಳಿದ ಮೂಗು ಎಂದರೆ ಅತ್ತಿಗೆ, ಚಾಚಿದ ತುಟಿ ಎಂದರೆ ಈ ಹೊಸಬಳು. ಹೇಳಿದಾಗೆಲ್ಲ ಅದೇ ಮೀಸೆ, ಅದೇ ಮೂಗು, ಅದೇ ತುಟಿ. ಮುದುಕಿ ಹಲ್ಲಿಲ್ಲದ ಬಾಯಿ ತೆರೆದು ನಕ್ಕಳು. ನಗುತ್ತ ಒಂದು ಕ್ಷಣ ನಿಂತು ಫಲ್ಲಾಳನ್ನು ದಿಟ್ಟಿಸಿದಳು, ಇಷ್ಟು ವರ್ಷ ಬೇಲಿಯಾಚೆ ಇದ್ದವಳನ್ನು ಈಗಷ್ಟೇ ಕಂಡವಳಂತೆ. ಚಾಂತೂ ಕೂಡ ಸೋತು ನಗುತ್ತಿದ್ದಳು. “ಇಷ್ಟು ದಿನ ಸುಮ್ನಿದ್ದೋಳು, ಬಾಯಿ ಬಂದ ತಕ್ಷಣ ನಮ್ಮ ಮಾನ ಹರಾಜಿಗಿಟ್ಲು,” ಎಂದಳು. ಸಾರೆತ್ ನಗಲಿಲ್ಲ. ಉಪ್ಪಿನ ಚೀಲವನ್ನು ತಾನೇ ಎತ್ತಿ ತಂದು ತಂಗಿಯ ಪಕ್ಕದಲ್ಲಿಟ್ಟು, ಅಲ್ಲೇ ನಿಂತ. “ಅಂದ್ರೆ ಇವಳು ಎಲ್ಲಾ ನೋಡ್ತಿದ್ಲು,” ಎಂದ ಸೋಫೀಪ್‌ಗೆ. “ನಮ್ಮಪ್ಪ ಸತ್ತದ್ದು, ಎಲ್ಲಾನೂ.” ಸೋಫೀಪ್ ಅದನ್ನು ಯಾರಿಗೂ ತಿರುಗಿಸಿ ಹೇಳಲಿಲ್ಲ. ಹೇಳಬೇಕಾಗಿಯೂ ಇರಲಿಲ್ಲ, ಅವನು ತಂಗಿಯ ಎದುರು ನೆಲದ ಮೇಲೆ ಕೂತುಬಿಟ್ಟಿದ್ದ, ಅವಳು ಅವನಿಗೇ ಅವನ ಕಥೆ ಹೇಳಲು ಶುರು ಮಾಡಿದ್ದಳು.

ಬಿಸಿಲು ಇಳಿದು ಹೊರಡುವ ಹೊತ್ತಾಯಿತು. ಪರ್ಪೆತುವಾ ನದಿಯಲ್ಲಿ ಕೈ ತೊಳೆದು ಬರುವಾಗ ಲುವಾಲ್ ದಾರಿಗೆ ಅಡ್ಡ ನಿಂತಳು. ಸೋಫೀಪ್ ಆ ಕಡೆ ಟುಕ್‌ಟುಕ್ಕಿನ ಬಳಿ ಇದ್ದಳು, ಲುವಾಲ್ ಕರೆಯಲಿಲ್ಲ. ತಾಯಿಯನ್ನು ತೋರಿಸಿದಳು, ತನ್ನನ್ನು ತೋರಿಸಿದಳು, ಕಾಣದ ಹಗ್ಗವೊಂದನ್ನು ಎಳೆದು ದೂರ, ಸಮುದ್ರದಾಚೆಗೆ ತೋರಿಸಿದಳು. ‘ನನ್ನನ್ನ ಕರ್ಕೊಂಡು ಹೋಗೋಕೆ ಬಂದೆ, ಅಲ್ವಾ?’ ಇವಳಿಗೆ ಮೊದಲ ದಿನದಿಂದಲೇ ಗೊತ್ತಿತ್ತು. ಪರ್ಪೆತುವಾ ಸುಳ್ಳು ಹೇಳಲಿಲ್ಲ. ಹೌದು ಎಂದಳು, ತಲೆಯಿಂದ, ಒದ್ದೆ ಕೈಗಳಿಂದ. ನಾಲ್ಕು ಜನ ನೋಡುತ್ತಿದ್ದರು, ನೋಡಲಿ. ಮುಂದಿನ ಮಾತಿಗೆ ಕೈ ಹುಡುಕುತ್ತಿರುವಾಗಲೇ ಹಿಂದಿನಿಂದ ಯಾರೋ ಅಂಗಿ ಹಿಡಿದೆಳೆದರು.

ಫಲ್ಲಾ. ಅವಳು ಪರ್ಪೆತುವಾಳ ಎದೆಗೆ ಬೆರಳಿಟ್ಟಳು, ಕೆನ್ನೆಗೆ ಅಂಗೈ ಕೊಟ್ಟು ಕಣ್ಣು ಮುಚ್ಚಿ ಮಲಗಿದಳು, ಕಣ್ಣು ಬಿಟ್ಟು ಸೂರ್ಯನನ್ನು ಕೈಯಿಂದ ಎತ್ತಿ ಮರದ ಮೇಲೆ ತಂದಳು, ಜಗಲಿಯನ್ನು ತೋರಿಸಿದಳು. ಆಮೇಲೆ ಮುಖ ಮುಂದೆ ಚಾಚಿ ಕಾದಳು. ಅವಳು ಯಾರಿಗಾದರೂ ಪ್ರಶ್ನೆಯೊಂದನ್ನು ಕೇಳಿದ್ದು ಇದೇ ಮೊದಲು. ಲುವಾಲ್ ತಾಯಿಯನ್ನು ನೋಡುತ್ತಿದ್ದಳು.

ಪರ್ಪೆತುವಾ ತನ್ನ ಎದೆಗೆ ಬೆರಳಿಟ್ಟಳು. ಮಲಗಿದಳು, ಎದ್ದಳು, ಸೂರ್ಯನನ್ನು ಎತ್ತಿ ಅದೇ ಮರದ ಮೇಲೆ ತಂದಿಟ್ಟಳು, ಬಂದು ಜಗಲಿಯಲ್ಲಿ ಕೂತಳು. ಅಷ್ಟಕ್ಕೆ ಸಾಲದೆ ಸೂರ್ಯನನ್ನು ಇನ್ನೊಮ್ಮೆ ಎತ್ತಿದಳು, ಮತ್ತೊಮ್ಮೆ ಎತ್ತಿದಳು.

“ಏನಂದೆ ಅವಳಿಗೆ?” ಟುಕ್‌ಟುಕ್ಕಿನಿಂದ ಇಸಿಂಗ್ ಕೂಗಿದಳು.

“ನಾಳೆ ಬರ್ತೀನಿ ಅಂದೆ.”

“ನಾಳೆ ಮಧ್ಯಾಹ್ನ ವಿಮಾನ ಕಣೇ.”

“ಗೊತ್ತು ಮನಾಂಗ್. ಕಿಟಕಿ ಪಕ್ಕ ಕೂತ್ಕೋ, ನನ್ನ ಸೀಟಿನ ಮೇಲೆ ಚೀಲ ಇಟ್ಕೋ. ಊರಲ್ಲಿ ಕೇಳಿದ್ರೆ, ತಾಯಿ ಮಗಳು ಇಬ್ರೂ ಕೆಲಸದಲ್ಲಿದ್ದಾರೆ ಅಂತ ಹೇಳು.”